ಶಬ್ಬಾತಿನ ಮೊಟ್ಟೆ

ಶುಕ್ರವಾರ ನಸುಕಿನಲ್ಲಿ ಲೋಟದೊಳಗೆ
ಒಂದೊಂದೇ ಒಡೆದು
ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತೇನೆ.
ಸಾಸಿವೆಯಷ್ಟು ರಕ್ತ ಕಂಡರೂ ಚೆಲ್ಲಬೇಕು,
ಅಜ್ಜಿ ಕಲಿಸಿದ್ದು.
ಹೆಚ್ಚಾಗಿ ಚೊಕ್ಕವೇ ಇರುತ್ತವೆ.
ಹಲ್ಲಾ ರೊಟ್ಟಿಗೆ ನಾಲ್ಕು, ಮೇಲೆ ಸವರಲು ಒಂದು,
ಉಳಿದದ್ದು ಯಾರಾದರೂ ಬಂದರೆ.

ನಮ್ಮ ವೈನ್‌ಲ್ಯಾಂಡ್ ಒಂದು ಕಾಲಕ್ಕೆ ಕೋಳಿಗಳ ಊರು.
ನ್ಯೂಜೆರ್ಸಿಯ ಈ ಮರಳು ನೆಲದಲ್ಲಿ
ತಾತ ಲೇಬಿಷ್ ಆರುನೂರು ಸಾಕಿದ.
ಅವುಗಳೊಡನೆ ಪೋಲಿಷ್, ನಮ್ಮೊಡನೆ ಯಿಡ್ಡಿಷ್,
ಕಾಳಿನ ಸಾಲ ಕೇಳಲು ಮಾತ್ರ ಇಂಗ್ಲಿಷ್.
ಸಾಕಿದ ಪ್ರಾಣಿಗೆ ಹಾಕದೆ ತಾನು ಉಣ್ಣಬಾರದೆಂಬುದು ಕಟ್ಟಳೆ:
ಹಿಮದಲ್ಲಿ ಬಕೆಟ್ಟು ಹಿಡಿದು ಹೋಗಿ
ಬಂದು ಕೈ ತೊಳೆದ ಮೇಲೆಯೇ ಅವನ ಕಾಫಿ.
ಅಷ್ಟರಲ್ಲಿ ಅದು ಆರಿರುತ್ತಿತ್ತು.
ಕಾಲಿಗೆ ಸಂಖ್ಯೆಯ ಬಳೆ ತೊಡಿಸಿ, ಲೆಕ್ಕ ಸುಲಭ,
ಎಂದು ಸಲಹೆ ಕೊಡಲು ಬಂದ ಹುಡುಗನನ್ನು
ಗೇಟಿನ ತನಕ ಬಿಟ್ಟು ಬಂದ.
ಜುಲೈ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಅವನದು.
ನಾವು ಕೇಳಲಿಲ್ಲ.

ಈಗ ಊರಾಚೆ ಕಿಟಕಿಯಿಲ್ಲದ ಆರು ಶೆಡ್ಡು.
ಒಂದೊಂದರಲ್ಲಿ ಎಷ್ಟು ಸಾವಿರವೋ.
ಮೇವಿನ ಸರಪಳಿ ನಾಲ್ಕಕ್ಕೇ ತಿರುಗುತ್ತದೆ,
ನಾವೆಲ್ಲ ಏಳುವ ಮುಂಚೆ.
ಹಾಗೆ ನೋಡಿದರೆ ಕಟ್ಟಳೆ ಮುರಿದಿಲ್ಲ:
ಅವು ಮೊದಲು, ಆಮೇಲೆ ನಾವು.
ಎತ್ತಿಗೂ ಕತ್ತೆಗೂ ಏಳನೆಯ ದಿನ ಬಿಡುವು ಎಂದಿದೆ;
ಶೆಡ್ಡಿನ ದೀಪಕ್ಕೆ ಟೈಮರಿದೆ,
ಸ್ವಿಚ್ಚು ಒತ್ತಿದ ಪಾಪ ಯಾರ ಬೆರಳಿಗೂ ಇಲ್ಲ.
ರಬ್ಬಿ ಯೂಡೆಲ್‌ರನ್ನು ಕೇಳಿದೆ, ಈ ಮೊಟ್ಟೆ ಆಗುತ್ತದೆಯೆ?
ರಕ್ತ ಇದೆಯೆ, ಎಂದರು. ಇಲ್ಲ, ಎಂದೆ.
ಆಗುತ್ತದೆ, ಎಂದರು.
ಕನ್ನಡಕ ತೆಗೆದು ಒರೆಸಿದರು.
ಒರೆಸುತ್ತಲೇ ಇದ್ದರು.

ಹೋದ ಶುಕ್ರವಾರ ಶಾಲೆಯ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಬರುವಾಗ,
ಮುದಿಕೋಳಿಗಳ ಲಾರಿ ಹೋದ ದಾರಿಯಲ್ಲಿ
ಬಿದ್ದಿತ್ತು ಒಂದು, ಚರಂಡಿಯ ಹುಲ್ಲಿನ ಮೇಲೆ.
ಕತ್ತು ಬೋಳು. ಕೊಕ್ಕಿನ ತುದಿ ಕತ್ತರಿಸಿದ್ದು.
ಮುದಿ ಎಂದರೆ ಒಂದೂವರೆ ವರ್ಷ.
ಡಬ್ಬಿಯ ಚೀಲದಲ್ಲಿ ಹಾಕಿ ತಂದೆ.
ಹಿತ್ತಲಲ್ಲಿ ಇಳಿಸಿದರೆ ನಿಂತಲ್ಲೇ ನಿಂತಿತು
ತಂತಿಯಲ್ಲದ್ದರ ಮೇಲೆ
ಕಾಲೂರುವುದು ಹೇಗೆಂದು ತಿಳಿಯದೆ.
ಕಾಳು ಹಾಕಿದೆ, ಕೊಕ್ಕಿನಿಂದ ಜಾರಿತು.
ದೀಪ ಹಚ್ಚಲು ಹನ್ನೊಂದೇ ನಿಮಿಷ.
ಇನ್ನೂ ಯಾರೂ ಮಂತ್ರ ಹೇಳದ ಹಲ್ಲಾದ ತುದಿ ಮುರಿದು
ನೀರಲ್ಲಿ ಹಿಚುಕಿ ಅಂಗೈಯಲ್ಲಿ ಹಿಡಿದೆ.
ಒಳಗಿಂದ ತಂಗಿ ಗಿಟೆಲ್, ಸೂಪು ಆರುತ್ತಿದೆ, ಎಂದಳು.
ಯಾವುದರ ಸೂಪೆಂದು ಹೇಳಬೇಕಿಲ್ಲ.
ಕುಡಿದೆಯಾ ಅಂದರೆ, ಕುಡಿದೆ. ಅರ್ಧ.
ಸುಳ್ಳು ಹೇಳಿ ಒಳ್ಳೆಯವಳಾಗುವುದು ನನಗೆ ಬೇಡ.

ಬೆಳಿಗ್ಗೆ ನೋಡಿದರೆ, ಹಳೆಯ ಬೂಟಿನ ಪೆಟ್ಟಿಗೆಯಲ್ಲಿ
ಒಂದು ಮೊಟ್ಟೆ.
ಶಬ್ಬಾತಿನಲ್ಲಿ ಹುಟ್ಟಿದ್ದನ್ನು ಅಂದು ತಿನ್ನುವಂತಿಲ್ಲ,
ಎತ್ತುವಂತಿಲ್ಲ, ಸರಿಸುವಂತೆಯೂ ಇಲ್ಲ.
ಹಿರಿಯರು ಈ ಬಗ್ಗೆ ಪುಟಗಟ್ಟಲೆ ವಾದಿಸಿದ್ದಾರೆ.
ಒಂದು ಮೊಟ್ಟೆಗೆ ಇಷ್ಟು ತಕರಾರೆ ಎಂದು
ಚಿಕ್ಕವಳಿದ್ದಾಗ ನಕ್ಕು ತಾತನಿಂದ ಬೈಸಿಕೊಂಡಿದ್ದೆ.
ಅವತ್ತು ಸ್ಟೂಲು ಹಾಕಿಕೊಂಡು ಕೂತೆ.
ಇಟ್ಟದ್ದು ಉರುಳಿ ಹೋಗದೆ
ಇಟ್ಟಲ್ಲೇ ಇರುವುದನ್ನು
ಕೋಳಿ ಒಂದು ಕಣ್ಣಿಂದ ನೋಡಿತು,
ಕತ್ತು ತಿರುಗಿಸಿ ಇನ್ನೊಂದರಿಂದ ನೋಡಿತು.
ಮೂರು ನಕ್ಷತ್ರ ಮೂಡುವ ತನಕ ಅದು ಅಲ್ಲೇ ಇತ್ತು,
ಯಾರದೂ ಅಲ್ಲದೆ.
ಬಿಸಿಯಿತ್ತೋ ಏನೋ,
ಮುಟ್ಟಿ ನೋಡುವಂತಿರಲಿಲ್ಲ.