ಸೆಟ್

ಪುಡಿಗೆ ನೀರು ಬೆರೆಸಿ, ಗುಳ್ಳೆಯೇಳದಂತೆ ಕಲಸಿ
ಒಸಡಿನ ಅಚ್ಚಿಗೆ ಸುರಿದು ಸುಮ್ಮನೆ ಕೂರಬೇಕು.
"ಸೆಟ್ ಆಗ್ಲಿ, ಮುಟ್ಬೇಡ" ಅಂತಿದ್ದರು ಉಸ್ತಾದ್ ಮೆಹಬೂಬ್.

ಕಲಾಸಿಪಾಳ್ಯದ ಈ ಮಹಡಿಗೆ ಬಂದು ಎರಡು ವರ್ಷ.
"ಬೆಂಗ್ಳೂರು ಸೆಟ್ ಆಯ್ತೇನೋ?" ಅಕ್ಕ ಫೋನಲ್ಲಿ.
ಹೂಂ ಅಂತೀನಿ.
ಬೆರಳಿಟ್ಟರೆ ಅಂಚು ಇನ್ನೂ ಹಸಿ.

ಇವತ್ತು ಚೀಟಿ ಹಿಡಿದು ಬಂದವರು ಪುಟ್ಟಗಂಗಮ್ಮ.
ಸಿದ್ಧವೀರಯ್ಯ, ಫುಲ್ ಸೆಟ್, ಮೇಲಿನದು ಕೆಳಗಿನದು,
ಬಾಕಿ ಎಂಟುನೂರು.
"ಅವರನ್ನೂ ಕರ್ಕೊಂಡ್ ಬನ್ನಿ, ಕಚ್ಚಿಸಿ ನೋಡ್ಬೇಕು."
"ಶುಕ್ರವಾರ ಹೋಗ್ಬಿಟ್ರಪ್ಪ."
ಸೆರಗಿನ ಗಂಟು ಬಿಚ್ಚಿ ಎಣಿಸತೊಡಗಿದರು.
ಬೇಡ ಅಂದೆ. ಕೇಳಲಿಲ್ಲ.

"ಎರಡು ತಿಂಗಳು ಬರೀ ಸೆಟ್ ದೋಸೆ, ಸಾಗೂಲಿ ನೆನೆಸ್ಕೊಂಡು.
ಹಲ್ಲು ಬರ್ಲಿ, ಕೋಡುಬಳೆ ಮಾಡಿಸ್ತೀನಿ ನೋಡು ಅನ್ನೋರು."
ಡಬ್ಬಿ ತೆರೆದು
ಹೆಬ್ಬೆರಳಲ್ಲಿ ಮುಂದಿನ ಹಲ್ಲೊಂದನ್ನು ಒರೆಸಿದರು.
"ಚೆನ್ನಾಗಿ ಸೆಟ್ ಆಗಿರೋದು."

ಸಂಜೆ ದರ್ಶಿನಿಯಲ್ಲಿ ಟೋಕನ್ ಹರಿಯುವ ಹುಡುಗ
"ಪ್ಲೇನಾ, ಸೆಟ್ಟಾ?"
ಮೂವತ್ತೆರಡು ಹಲ್ಲಿನ ಬಾಯಿ ತೆರೆದೇ ಇತ್ತು.
"ಬೇಗ ಹೇಳಿ ಸಾರ್," ಹಿಂದಿನಿಂದ ಯಾರೋ,
"ಲೈನಿದೆ."