ಇರು, ಅರು

ಶಾರ್ಜಾದ ಯಾರ್ಡಿನಾಗ ಚಾವಿ ತಿರುವಿದ್ರ
ಒಬ್ಬಾಕಿ ಮಾತಾಡ್ತಾಳ.
ಕಾರ್ಡು ಹಾಕಿಲ್ಲ, ಅಂತಾಳ ಪ್ರತಿ ಸಲ,
ಬಲು ಮರ್ಯಾದಿಲೆ.
ಎರಡು ವರ್ಷ ನನಗ ತಿಳೀಲಿಲ್ಲ ಆಕಿ ಏನಂತಾಳಂತ.
ವೈರ್ ಕತ್ತರಿಸಿ, ಪೆಟ್ಟಿಗಿ ಕಿತ್ತು
ಡಬ್ಬದಾಗ ಒಗೀತಿದ್ದೆ.
ಈಗ ಕತ್ತರಿಸೂಕಿಂತ ಮೊದಲು ಒಮ್ಮೆ ಕೇಳ್ತೀನಿ,
ಆಕಿ ಹಿಂದಿಂದೆ ಅಂತೀನಿ:
ಸೋನ್ಯೂ ಸರೆತೆ ಇಮಾಸೆನ್.

ಯೊಕೊಹಾಮಾದಿಂದ ಹಡಗಿನಾಗ ಬಂದ ಗಾಡಿಗಳು.
ಬಲಕ್ಕಿದ್ದ ಸ್ಟೇರಿಂಗ್ ಎಡಕ್ಕ ತರೋದು ನಮ್ಮ ಕೆಲಸ.
ಯಾಕ ಕಲೀತಿ ಘಾಳೆಪ್ಪಾ, ಅಂತಾರ ರೂಮಿನವರು.
ಪಾಸಾದ್ರ ಅಲ್ಲೇ ಗ್ಯಾರೇಜಿನಾಗ ನೌಕರಿ
ಅಂತ ಏಜೆಂಟ್ ಹೇಳ್ಯಾನ, ಅಂತೀನಿ.
ಅದೂ ಖರೇ.
ಆದ್ರ ದಿನಾ ನನ್ನ ಕೂಡ ಮಾತಾಡಿದಾಕಿಗಿ
ಒಂದು ಜವಾಬು ಕೊಡದೆ ಬಾಯಿ ಮುಚ್ಚಿಸಿದ್ದೆ,
ಎಷ್ಟು ನೂರು ಸಲ.

ಬಕಾಲಾದ ಕೌಂಟರಿನಾಗ ಮಾರಿವಿಕ್.
ನಗೋಯಾದ ಊಟದ ಡಬ್ಬಿ ಕಾರ್ಖಾನೆದಾಗ
ಒಂಬತ್ತು ವರ್ಷ ಅನ್ನ ತುಂಬಿದಾಕಿ.
ಗಿರಾಕಿ ಇಲ್ಲದಾಗ ಪಾಠ.
ವಾ, ಗಾ ತಪ್ಪಿದ್ರ ಒಂದು ಮೊಟ್ಟಿ ದಂಡ;
ಈ ತಿಂಗಳು ಹದಿನೇಳು ಮೊಟ್ಟಿ ಕೊಂಡೀನಿ.
ಮಾತು ಅವರೂ ನಮ್ಮಂಗೇ ಕಟ್ಟತಾರ.
ಬಜಾರಕ್ಕ, ಬಸ್ಸಿಲೆ, ನಾಳಿ, ಅಂತ ಹೇಳಿ ಹೇಳಿ
ಹೋಗ್ತೀನೋ ಇಲ್ಲೋ ಅನ್ನೋದು ಕಡೀಗೆ.
ಬಾಲ ಬರೂತನ ತಡೀಬೇಕು.
ಮಾರಿವಿಕ್‌ಗ ಇದೇ ತ್ರಾಸ ಆಗಿತ್ತಂತ:
ಆಕಿ ಮಾತಿನಾಗ ಕೆಲಸ ಮೊದಲು,
ಮನಿಷ್ಯಾ ಆಮ್ಯಾಲ.

ಹನ ಅಂದ್ರ ಹೂವು.
ಉರು ಅಂದ್ರ ಮಾರೋದು.
ಐದನೇ ತಾರೀಖಿಗಿ ಎಕ್ಸ್‌ಚೇಂಜಿನ ಸಾಲಿನಾಗ ನಿಂತು
ಊರಿಗಿ ಹಣ ಹಾಕೋವಾಗ ನಗಿ ಬಂತು.
ಕಿಟಕಿಯಂವ ಎಣಿಸಿದ್ದು ತಪ್ಪಾತೇನೋ ಅಂತ
ಮತ್ತೊಮ್ಮೆ ಎಣಿಸಿದ.

ಕುರುಮಾ, ಗಾಡಿ.
ಆ ಚಿತ್ರ ಬರೆದು ತೋರಿಸಿದಾಗ
ಇದು ನನಗ ಗೊತ್ತದ ಅಂದೆ.
ಜ್ಯಾಕಿನ ಕೆಳಗ ಮಲಗಿ ನೋಡಿದ್ರ ಹಿಂಗೇ:
ನಡುವ ಉದ್ದಕ್ಕ ಒಂದು ದಂಡ, ಅತ್ತೊಂದು ಇತ್ತೊಂದು ಗಾಲಿ.
ಅದೊಂದು ಅಕ್ಷರ ಕಲೀಲಿಲ್ಲ ನಾ, ಗುರುತು ಹಿಡಿದೆ.

ತೊಡಕಾದದ್ದು 'ಅದ' ಅನ್ನೋದು.
ಜೀವ ಇದ್ದದ್ದಕ್ಕ ಇರು,
ಇಲ್ಲದ್ದಕ್ಕ ಅರು.
ಬೆಕ್ಕು ಇರು. ಕುರ್ಚಿ ಅರು.
ಗಾಡಿ? ಅಂತ ಕೇಳಿದೆ.
ಮಾರಿವಿಕ್ ಚಿಲ್ಲರ ಎಣಿಸೋದು ಬಿಟ್ಟಳು.
ಖಾಲಿ ನಿಂತಿದ್ರ ಅರು.
ಒಳಗ ಡ್ರೈವರ್ ಕೂತು ಕಾಯ್ಲಿಕತ್ತಿದ್ರ
ಒಮ್ಮೊಮ್ಮೆ ಇರು ಅಂತಾರ, ಅಂದಳು.

ಡಿಸೆಂಬರಿನ ಮೊದಲ ಐತವಾರ ಪರೀಕ್ಷಾ.
ರಜಾ ಬೇಕಿದ್ರ ಶುಕ್ರವಾರ ತಗೋ, ಅಂದ ಮುದೀರ.
ಒಂದು ದಿನದ ಪಗಾರ ಹೋತು.
ಪರೀಕ್ಷಾದಾಗ ಮಾತಾಡೋದೇ ಇಲ್ಲಂತ!
ಓದಬೇಕು, ಕೇಳಬೇಕು,
ಪೆನ್ಸಿಲ್ಲಿಲೆ ಗೋಲ ತುಂಬಬೇಕು.
ಆಕಿ ಹಿಂದ ಇಷ್ಟು ದಿನ ನಾ ಅಂದದ್ದಕ್ಕ
ಅರ್ಧ ಮಾರ್ಕಿನೂ ಇಲ್ಲ.

ರೂಮಿನಾಗ ಹತ್ತಕ್ಕ ದೀಪ ಬಂದ್, ಎಂಟು ಮಂದಿ ನಿದ್ದಿ.
ಅದಕ್ಕ ಯಾರ್ಡಿಗಿ ಬರ್ತೀನಿ.
ಇವತ್ತು ಬಿಳಿ ವ್ಯಾನು, ನಾಳಿ ಅದನ್ನ ಬಿಚ್ಚಬೇಕು.
ತಲಿ ಮ್ಯಾಲಿನ ಸಣ್ಣ ಬಲ್ಬು, ತೊಡಿ ಮ್ಯಾಲ ಪುಸ್ತಕ,
ಸೆಕೆಗಿ ಹಾಳಿ ಕೈಗಿ ಅಂಟತದ.
ನಕಾಶಿ ಪರದಿ ತುಂಬ ಬರೀ ನೀಲಿ,
ನಡುಸಮುದ್ರದಾಗ ಒಂದು ಬಾಣ.
ಎಲ್ಲಿದ್ದೀವಿ ಅಂತ ಆಕಿಗಿ ಗೊತ್ತಿಲ್ಲ,
ಆದರೂ ಕಾರ್ಡಿಂದೇ ಚಿಂತಿ.

ಹದಿನಾಲ್ಕನೇ ಪ್ರಶ್ನಾದಾಗ ಸಿಕ್ಕೊಂಡಿದ್ದೆ.
ಕಾಜಿನ ಮ್ಯಾಲ ಬ್ಯಾಟರಿ ಬೆಳಕು ಬಿತ್ತು,
ಪೇಶಾವರದ ಸಬ್ಜ್ ಅಲಿ, ಈ ವಾರ ಅವನ ಕಾವಲು.
ಕೌನ್ ಹೈ ಅಂದರ್?
ಒಂದು ಸಾಲು ಉಳಿದಿತ್ತು.
ಪುಸ್ತಕದಿಂದ ಕಣ್ಣು ತೆಗೀದೆ ಅಂದೆ:
ಇರು.

ನಮ್ಮ ಮಾತಿನಾಗ ಅಂದೆನೋ, ಅವರದರಾಗೋ,
ನನಗೇ ಗೊತ್ತಾಗಲಿಲ್ಲ.
ಅವನಿಗಿ ಎರಡೂ ಬರೂದಿಲ್ಲ.
ಬೆಳಕು ಆರಿಸಿ, ಬಾನೆಟ್ಟಿಗಿ ಬೆನ್ನು ಹಚ್ಚಿ
ಬೀಡಿ ಹಚ್ಚಿಕೊಂಡು ನಿಂತ.