ತೂಕದ ದಿನ

ತಿಂಗಳಿಗೊಂದು ದಿನ ತೊಲೆಗೆ ತಕ್ಕಡಿ ಕಟ್ಟುತ್ತೇನೆ.
ನೀಲಿ ಚೀಲದಲ್ಲಿ ಕಾಲು ಇಳಿಬಿಟ್ಟು
ಕೇರಿಯ ಕೂಸುಗಳು ಒಂದೊಂದಾಗಿ ತೂಗುತ್ತವೆ.
ಅಳುವವರ ಮುಳ್ಳು ನಿಲ್ಲುವುದೇ ಇಲ್ಲ,
ಅದಕ್ಕೇ ಮೊದಲು ಒಂದು ಚೂರು ಬೆಲ್ಲ.

ಆಮೇಲೆ ಪುಸ್ತಕ. ಹಸಿರು, ಹಳದಿ, ಕೆಂಪು ಪಟ್ಟಿ.
ಹತ್ತೊಂಬತ್ತು ವರ್ಷದಿಂದ ಚುಕ್ಕಿ ಇಡುತ್ತಿದ್ದೇನೆ,
ಚುಕ್ಕಿಗೆ ಚುಕ್ಕಿ ಸೇರಿಸಿದರೆ
ಯಾವ ರಂಗೋಲಿಯೂ ಆಗುವುದಿಲ್ಲ;
ಒಂದು ಗೆರೆ, ಬಲಕ್ಕೆ, ಮೇಲಕ್ಕೆ,
ಜ್ವರ ಬಂದ ತಿಂಗಳು ಸೊಂಟ ಬಗ್ಗಿಸಿ
ಮತ್ತೆ ಮೇಲಕ್ಕೆ.

ನಾಲೆಗೆ ನೀರು ಬಿಟ್ಟರೆ
ಅಮ್ಮಂದಿರೆಲ್ಲ ನಾಟಿಗೆ ಹೋಗುತ್ತಾರೆ.
ಆ ತಿಂಗಳ ಚುಕ್ಕಿ ನೋಡಿಯೇ ಹೇಳಬಲ್ಲೆ
ಯಾರ ಮನೆಯಲ್ಲಿ ಅಜ್ಜಿ ಇದ್ದಾಳೆ,
ಯಾರ ಮನೆಯಲ್ಲಿ ಬರೀ ಬಿಸ್ಕತ್ತಿನ ಪೊಟ್ಟಣ.

ಸಣ್ಣತಾಯಮ್ಮ ಹೇಳುತ್ತಾಳೆ:
“ನಿನ್ ಪುಸ್ತಕ ಅತ್ಲಾಗ್ ಮಡಗು ಮಿಸ್ಸಮ್ಮ.
ಬೋರ್ಲು ಬಿದ್ರೆ ಬೋಂಡ, ಅಂಬೆಗಾಲಿಗೆ ಅಂಬೊಡೆ,
ಹೊಸ್ಲು ದಾಟಿದ್ರೆ ಹೋಳ್ಗೆ.
ನಮ್ ಕಾಲ್ದಲ್ಲಿ ಮಕ್ಳು ಬೆಳ್ದಿದ್ದು
ಬಾಣ್ಲೀಲಿ ಗೊತ್ತಾಗ್ತಿತ್ತು.”
ನಗುತ್ತೇನೆ. ಅವಳು ಹೆತ್ತದ್ದು ಒಂಬತ್ತು,
ಹೋಳಿಗೆ ಮಾಡಿದ್ದು ಐದು ಸಲ.
ಅದನ್ನು ಅವಳೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ನಿಶ್ಚಿತನ ತೂಕ ಹಸಿರಿನಲ್ಲೇ ಇತ್ತು.
ಮಾತಿನ ಕಾಲಂ ಮಾತ್ರ ಖಾಲಿ.
ಎರಡೂವರೆ ತುಂಬಿದರೂ ಅಮ್ಮ ಇಲ್ಲ, ಅವ್ವ ಇಲ್ಲ.
ನಾಲಿಗೆಗೆ ಬಜೆ ತಿಕ್ಕಿದರು.
ದೇವರ ಗಂಟೆಯಲ್ಲಿ ನೀರು ಕುಡಿಸಿದರು.
ನಾನು ಚೀಟಿ ಬರೆದೆ, ಮೈಸೂರಿಗೆ,
ಮಾತು-ಕಿವಿ ನೋಡುವ ದೊಡ್ಡಾಸ್ಪತ್ರೆಗೆ.
ಮಂಡ್ಯದಲ್ಲಿ ಬೆಳಗಿನ ಪ್ಯಾಸೆಂಜರು ಹತ್ತಿ
ಅವನಮ್ಮ ರೂಪಕಲಾಳ ಜೊತೆ ನಾನೂ ಹೋದೆ.
ಗಾಜಿನ ಕೋಣೆ, ಹೆಡ್‌ಫೋನು, ಒಂದು ಮರದ ಗೊಂಬೆ.
“ಕಿವಿ ಸರಿಯಾಗಿದೆ” ಅಂದಳು ಬಿಳಿ ಕೋಟಿನ ಹುಡುಗಿ,
“ಹಗಲೆಲ್ಲ ಮಗು ಯಾರ ಹತ್ತಿರ ಇರುತ್ತೆ?”

ತಾತನ ಹತ್ತಿರ. ಆಲೆಮನೆಯಲ್ಲಿ.
ನಲವತ್ತು ವರ್ಷ ಗಾಣದ ಇಂಜಿನ್ನಿನ ಪಕ್ಕ ಕೂತು
ಕಿವಿ ಕಳಕೊಂಡ ಮುದುಕ,
ಮಾತನ್ನೂ ಅಲ್ಲೇ ಎಲ್ಲೋ ಮರೆತಿಟ್ಟವನು.

ಮಾರನೆಯ ದಿನ ಹೋಗಿ ನೋಡಿದೆ.
ಕೊಪ್ಪರಿಗೆಯಿಂದ ಈಚೆ ಇಬ್ಬರೂ ಕೂತಿದ್ದಾರೆ.
ತಾತ ಎರಡು ಬೆರಳು ಉಜ್ಜಿದರೆ, ಪಾಕ ಬಂತು.
ಮುಂಗೈ ಮೇಲೆ ಊದಿದರೆ, ಸುಡುತ್ತೆ, ದೂರ.
ಹುಬ್ಬು ಎತ್ತಿದರೆ, ಯಾರೋ ಬಂದರು.
ಮಗು ನನ್ನತ್ತ ತಿರುಗಿತು. ಎರಡು ಅಂಗೈ ಜೋಡಿಸಿ
ಪುಸ್ತಕದ ಹಾಗೆ ಬಿಚ್ಚಿ ತಾತನಿಗೆ ತೋರಿಸಿತು:
ಅದು ನಾನು.
ಎಣಿಸುತ್ತ ಹೋದೆ. ಮೂವತ್ತೆಂಟಕ್ಕೆ ನಿಲ್ಲಿಸಿದೆ.
ಕೈಯಲ್ಲಿ ಆಡಿದ್ದನ್ನು ಬರೆಯಲು
ನನ್ನ ಪುಸ್ತಕದಲ್ಲಿ ಜಾಗವಿಲ್ಲ.

ಈಗ ಬೆಳಿಗ್ಗೆ ಇಲ್ಲಿಗೆ ಬರುತ್ತಾನೆ, ಮಧ್ಯಾಹ್ನ ಅಲ್ಲಿಗೆ.
ಮೊದಲ ಮಾತು ನಾನು ಕಲಿಸಿದ ಕಾಗೆಯಲ್ಲ, ಚಂದ್ರನಲ್ಲ;
ಪಕ್ಕದಲ್ಲಿ ಕೂರುವ ಝೋಯಾಳಿಂದ ಬಂದದ್ದು,
ಮೊಟ್ಟೆ ಬಿಗಿಯಾಗಿ ಹಿಡಿದು,
ಊರಿಗೆಲ್ಲ ಕೇಳುವ ಹಾಗೆ:
“ನಂದು!”

ಇದನ್ನು ಯಾರಿಗೂ ಹೇಳಿಲ್ಲ.
ನನ್ನ ಮಗ ಮೊದಲ ಹೆಜ್ಜೆ ಇಟ್ಟದ್ದು ಒಂದು ತೂಕದ ದಿನ.
ಸಂಜೆ ಅತ್ತೆ ಹೇಳಿದರು, ಅಕ್ಕಿ ಆರಿಸುತ್ತ,
ಹಾಲು ಉಕ್ಕಿದ್ದನ್ನು ಹೇಳಿದಷ್ಟು ಹಗುರಾಗಿ.
ಇಪ್ಪತ್ತು ಮಕ್ಕಳಿಗೆ ಚುಕ್ಕಿ ಇಟ್ಟು ಬಂದಿದ್ದೆ.
ಅವನನ್ನು ಇಳಿಸಿ, ದೂರ ಕೂತು, ಬಾ ಅಂದೆ.
ಬಂದ. ನಗುತ್ತಲೇ ಬಂದ.
ಆದರೆ ಅದು ಆಗಲೇ ನಡೆಯಬಲ್ಲವನ ನಡಿಗೆ.

ಅವನಿಗೀಗ ಹದಿನಾರು.
ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು
ಕೊಂಚ ಬಲಕ್ಕೆ ವಾಲಿ ನಡೆಯುತ್ತಾನೆ,
ಥೇಟ್ ಅತ್ತೆಯ ಹಾಗೆ. ಅವರು ಹೋಗಿ ಆರು ವರ್ಷ.
ಅವನು ತಿರುವು ದಾಟುವವರೆಗೂ ಬಾಗಿಲಲ್ಲಿ ನಿಲ್ಲುತ್ತೇನೆ.

ನಾಳೆ ತೂಕ. ಬೆಲ್ಲ ಮುಗಿದಿದೆ.